ಎರಿ ಹೊಲದ ದಾರಿಗೆ ಯಾವ ಗಾಡಿ?

ಎಳ್ಳಮಾವಾಸ್ಯೆಯ ಮುಂಜಾನೆ ನಮ್ಮೂರ ಅಗಸಿಯಲ್ಲಿ ನಿಂತರೆ ಇಡೀ ಊರು ಹೊಲಕ್ಕೆ ಹೊರಟದ್ದು ಕಾಣುತ್ತದೆ. ಸಜ್ಜಿ ರೊಟ್ಟಿಯ ಗಂಟು, ಭಜ್ಜಿ ಪಲ್ಯದ ಬೋಗುಣಿ, ಕಡುಬು, ಹಿಂಡಿ, ಮೊಸರಿನ ಗಡಿಗೆ, ಎಲ್ಲದರ ಮೇಲೆ ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿ. ನಾನು ಸಣ್ಣವನಿದ್ದಾಗ ಇದೆಲ್ಲ ಬಂಡಿಯಲ್ಲಿ ಹೋಗುತ್ತಿತ್ತು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬಂಡಿಯಲ್ಲಿ ಹಾಸಿದ ಕಣಿಕಿಯ ಮೇಲೆ ನಾವು ಹುಡುಗರು. ಈಗ ಅಫಜಲಪುರ ತಾಲ್ಲೂಕಿನ ನಮ್ಮಂಥ ಭೀಮಾ ದಂಡೆಯ ಊರುಗಳಲ್ಲಿ ಆ ದಿನ ಬಂಡಿ ಎಣಿಸಿದರೆ ಒಂದು ಕೈಯ ಬೆರಳು ಸಾಕು. ಉಳಿದದ್ದೆಲ್ಲ ಟ್ರ್ಯಾಕ್ಟರ್, ಬೈಕು, ಮತ್ತೆ ಪಿಕಪ್ಪು.

ಹೋದ ಸಲ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮುಗಿಸಿ ಊಟಕ್ಕೆ ಕುಂತಾಗ ಕಾಕಾ ಮಾತು ತೆಗೆದ. "ಗಾಡಿ ಒಂದ್ ತಗೋಬೇಕಂತ ಮಾಡೀನಿ ತಮ್ಮಾ. ಛೋಟಾ ಹಾತಿ ತಗೊಳ್ಲ್ಯೋ, ಬೊಲೆರೊ ತಗೊಳ್ಲ್ಯೋ? ನೀ ಓದ್ದಾಂವ, ಹೇಳು."

ನಾನು ಬಾಯಿ ತೆರೆಯುವ ಮೊದಲೇ ಊಟದ ಪಂಕ್ತಿಯೇ ಎರಡು ಪಕ್ಷವಾಯಿತು. ಜೇವರ್ಗಿ ಕಡೆಯಿಂದ ಬಂದಿದ್ದ ಬೀಗರು ದೊಡ್ಡದೇ ಇರಲಿ ಎಂದರು. ಆಳಂದದಲ್ಲಿ ಕಾಳಿನ ವ್ಯಾಪಾರ ಮಾಡುವ ಗೆಳೆಯನೊಬ್ಬ, ಕಂತು ಕಟ್ಟುವವರು ಯಾರು ಅನ್ನುವುದನ್ನು ಮೊದಲು ಹೇಳಿ ಎಂದ. ಕಾಕಿ ಮಾತ್ರ ರೊಟ್ಟಿ ಹಚ್ಚುತ್ತ ಒಂದೇ ಮಾತು ಕೇಳಿದಳು: "ಮಂದಿ ಎಷ್ಟ್ ಹಿಡೀತದ?" ಆವತ್ತಿನಿಂದ ಇವತ್ತಿನವರೆಗೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಆ ಮಾತೇ. ಅದಕ್ಕೆ ಆಮೇಲೆ ಬರುತ್ತೇನೆ.

ದೊಡ್ಡ ಪಿಕಪ್ಪೋ ಮಧ್ಯಮ ಪಿಕಪ್ಪೋ ಎಂಬ ಚರ್ಚೆ ಜಗತ್ತಿನಲ್ಲಿ ಹೊಸದಲ್ಲ. ಅಮೆರಿಕದಲ್ಲಿ ಬೇಟೆಯ ಹಂಗಾಮು ಬಂತೆಂದರೆ ಫೋರ್ಡ್‌ನ ಎಫ್-250ಯಂಥ ಭಾರೀ ಗಾಡಿ ಬೇಕೋ, ಟೊಯೊಟಾ ಟಕೋಮಾದಂಥ ನಡುಗಾತ್ರದ್ದು ಸಾಕೋ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹೊಡೆದ ಜಿಂಕೆ, ಡೇರೆ, ನಾಯಿ, ಎಳೆದೊಯ್ಯುವ ಟ್ರೇಲರ್, ಎಲ್ಲದರ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಆ ಬಾಗಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ಈ ಬಯಲುಸೀಮೆಯ ಚಿಗರಿ, ಪುಸ್ತಕದವರು ಕೃಷ್ಣಮೃಗ ಅನ್ನುವುದು, ಆ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಕೊಂದರೆ ಜೈಲು, ಕೊಂದು ಸಾಗಿಸಿದ ಗಾಡಿ ಸರ್ಕಾರದ ಆಸ್ತಿ. ಹಿಂದೆ ರಾಜರು, ನವಾಬರು ಸಾಕಿದ ಚೀತಾದಿಂದ ಚಿಗರಿ ಬೇಟೆ ಆಡಿಸುತ್ತಿದ್ದರು. ಚೀತಾವನ್ನು ಎತ್ತಿನ ಬಂಡಿಯಲ್ಲಿ ಕಣ್ಣು ಕಟ್ಟಿ ಕೂರಿಸಿಕೊಂಡು ಹಿಂಡಿನ ಹತ್ತಿರ ಒಯ್ಯುತ್ತಿದ್ದರು. ಹೊಲದ ಬಂಡಿ ದಿನಾ ನೋಡಿದ್ದರಿಂದ ಚಿಗರಿಗಳು ಅದಕ್ಕೆ ಬೆದರುತ್ತಿರಲಿಲ್ಲ. ರೈತನ ಬಂಡಿಯ ಮೇಲೆ ಆ ಮೂಕಪ್ರಾಣಿ ಇಟ್ಟಿದ್ದ ನಂಬಿಕೆಯನ್ನು ಹಾಗೆ ಬಳಸಿಕೊಂಡದ್ದು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಪಿಕಪ್ ಹೋಗುವುದು ಹೊಲಕ್ಕೆ, ಸಂತೆಗೆ, ಅಡತಿಗೆ, ಜಾತ್ರೆಗೆ. 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತದೆ ನಿಜ. ಆದರೆ ಬಂದಾಗಲೇ ಅದರ ಬೆಲೆ 33 ಲಕ್ಷ ದಾಟಿತ್ತು. ನಮ್ಮ ರೈತ ಅದನ್ನು ಹೆದ್ದಾರಿಯಲ್ಲಿ ನಿಂತು ನೋಡುತ್ತಾನೆ, ಅಷ್ಟೆ. ಅವನ ಆಯ್ಕೆ ಇರುವುದು ಸಣ್ಣ ಟಾಟಾ ಏಸ್ ಮತ್ತು ದೊಡ್ಡ ಬೊಲೆರೊ ಪಿಕಪ್ ನಡುವೆ.

ಏಸ್ ಬಂದದ್ದು 2005ರ ಮೇ ತಿಂಗಳಲ್ಲಿ. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, ಆಗ ಬರೀ 16 ಅಶ್ವಶಕ್ತಿ, ಹೊರುವುದು ಮುಕ್ಕಾಲು ಟನ್. ಟಾಟಾದ ಗಿರೀಶ್ ವಾಘ್ ನೇತೃತ್ವದ ತಂಡ ಅದನ್ನು ರೂಪಿಸುವ ಮುಂಚೆ ಊರೂರು ತಿರುಗಿ ಮೂರು ಗಾಲಿಯ ಗಾಡಿಯವರನ್ನು ಮಾತಾಡಿಸಿತ್ತು. ನಾಲ್ಕು ಗಾಲಿಯ ಗಾಡಿ ಇದ್ದವನಿಗೆ ಹೆಣ್ಣು ಬೇಗ ಸಿಗುತ್ತದೆ ಎಂದು ಆಗ ಒಬ್ಬ ಚಾಲಕ ಹೇಳಿದ ಕಥೆ ಪ್ರಸಿದ್ಧ. ನಮ್ಮ ಕಡೆಯ ಮಟ್ಟಿಗೆ ಆ ಮಾತು ನೂರಕ್ಕೆ ನೂರು ಸತ್ಯ. ಟಂಟಂ ಓಡಿಸುತ್ತಿದ್ದ ಎಷ್ಟೋ ಹುಡುಗರು ಏಸ್ ತಂದ ಮೇಲೆ ಮಾಲಕರು ಅನ್ನಿಸಿಕೊಂಡರು. ಸಣ್ಣದಾದರೂ ಭಾರ ಹೊರುತ್ತದೆಂದು ಜನ ಅದಕ್ಕೆ ಛೋಟಾ ಹಾತಿ ಎಂದು ಹೆಸರಿಟ್ಟರು. ಕಂಪನಿಯ ಹೆಸರಿಗಿಂತ ಆ ಹೆಸರೇ ಉಳಿಯಿತು.

ಬೊಲೆರೊ ಪಿಕಪ್ ಬೇರೆಯದೇ ಜಾತಿ. ಎಂಜಿನ್ 2523 ಸಿಸಿ, ನಾಲ್ಕು ಸಿಲಿಂಡರು. ಮಾದರಿ ನೋಡಿಕೊಂಡು 1.3, 1.5, 1.7 ಟನ್ ಹೊರುತ್ತದೆ. 2023ರಲ್ಲಿ ಬಂದ ಮ್ಯಾಕ್ಸ್ ಸರಣಿಯ ದೊಡ್ಡದು ಎರಡು ಟನ್ ತನಕ ಹೋಗುತ್ತದೆ. ಟಾಟಾದವರ ಯೋಧಾ, ಇಂಟ್ರಾ, ಅಶೋಕ್ ಲೇಲ್ಯಾಂಡಿನ ದೋಸ್ತ್ ಇವೆಲ್ಲ ಈ ಎರಡರ ನಡುವೆಯೋ ಆಚೀಚೆಯೋ ನಿಲ್ಲುತ್ತವೆ. ಆದರೆ ನಮ್ಮಲ್ಲಿ ದೊಡ್ಡ ಪಿಕಪ್ ಅಂದರೆ ಬೊಲೆರೊ, ಯಾವ ಕಂಪನಿಯದೇ ಇರಲಿ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಸಣ್ಣದು ಕೇಳಲು ಹೋದವರ ಕಣ್ಣೂ ದೊಡ್ಡದರ ಮೇಲೆ ಬೀಳತೊಡಗಿದೆ.

ಕಾಕಾನ ಮುಂದೆ ನಾನು ಮೊದಲು ಇಟ್ಟದ್ದು ತೊಗರಿಯ ಲೆಕ್ಕ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಇಲ್ಲಿ ಯಾವ ಮಾತು ಎತ್ತಿದರೂ ಅದು ತೊಗರಿಗೇ ಬಂದು ನಿಲ್ಲುತ್ತದೆ. ಐದು ಎಕರೆಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತೆಂದು ಹಿಡಿಯಿರಿ, ಇಪ್ಪತ್ತು ಕ್ವಿಂಟಲ್. 50 ಕೆ.ಜಿ.ಯ ನಲವತ್ತು ಚೀಲ. ಏಸ್‌ನಲ್ಲಿ ಕಾನೂನು ಪ್ರಕಾರ ಹದಿನೈದು ಚೀಲ, ಅಂದರೆ ಮೂರು ಖೇಪು. 1.7 ಟನ್ನಿನ ಪಿಕಪ್ಪಿಗೆ ಮೂವತ್ತನಾಲ್ಕು ಚೀಲ, ಆದರೂ ಆರು ಚೀಲ ಉಳಿಯುತ್ತದೆ, ಎರಡನೇ ಖೇಪು ತಪ್ಪುವುದಿಲ್ಲ. ಉಳಿತಾಯ ಒಂದೇ ಖೇಪು, ಅದೂ ವರ್ಷಕ್ಕೊಮ್ಮೆ, ರಾಶಿ ಆದ ದಿನ. ಉಳಿದ ದಿನ ಆ ಗಾಡಿ ಏನು ಒಯ್ಯುತ್ತದೆ? ಎರಡು ಚೀಲ ಗೊಬ್ಬರ, ಔಷಧದ ಡಬ್ಬಿ, ಡ್ರಿಪ್ ಪೈಪಿನ ಸುರುಳಿ, ಎಮ್ಮೆಗೆ ಮೇವು. ನೂರು ಕೆ.ಜಿ.ಯ ಮೇವು ತರಲು ಎರಡೂವರೆ ಲೀಟರಿನ ಎಂಜಿನ್ ಚಾಲೂ ಮಾಡಿದಾಗಲೆಲ್ಲ ಡೀಸೆಲ್ಲಿನ ದುಡ್ಡು ಹೊಗೆಯಾಗುತ್ತದೆ.

"ಅದು ನಿಮ್ಮ ತೊಗರಿ ಲೆಕ್ಕ. ನಮ್ಮ ಹತ್ತಿ ಲೆಕ್ಕ ಬ್ಯಾರೆ ಅದರೀ" ಎಂದರು ಬೀಗರು. ಅವರು ಹೇಳಿದ್ದು ಸರಿ. ಜೇವರ್ಗಿ ಕಡೆ ಹತ್ತಿ ಬಹಳ. ಅರಳೆಗೆ ತೂಕಕ್ಕಿಂತ ಜಾಗ ಹೆಚ್ಚು ಬೇಕು. ಏಸ್‌ನ ಡಾಲಾದಲ್ಲಿ, ಅಂದರೆ ಸರಕು ತುಂಬುವ ಏಳಡಿ ಚಿಲ್ಲರೆ ಉದ್ದದ ಹಿಂಭಾಗದಲ್ಲಿ, ಸಡಿಲ ಹತ್ತಿ ತುಂಬಿದರೆ ತೂಕದ ಮಿತಿಯ ಅರ್ಧ ಮುಟ್ಟುವ ಮೊದಲೇ ಗಾಡಿ ತುಂಬಿ ತುಳುಕುತ್ತದೆ. ಅದಕ್ಕೇ ಜಿನ್ನಿಂಗ್ ಮಿಲ್ಲಿಗೆ ಹೋಗುವ ಗಾಡಿಗಳು ಬಲೆ ಕಟ್ಟಿಕೊಂಡು ಬಸುರಿ ಎಮ್ಮೆಯ ಹಾಗೆ ಎರಡೂ ಬದಿ ಉಬ್ಬಿರುತ್ತವೆ. ಅವರಿಗೆ ಬೇಕಾದದ್ದು ಟನ್ನಲ್ಲ, ಡಾಲಾದ ಉದ್ದ. ಒಂಬತ್ತು ಹತ್ತು ಅಡಿಯ ಡಾಲಾ ಇರುವ ಗಾಡಿ ಅವರಿಗೆ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಅದೇ ಜೇವರ್ಗಿಯ ರೈತ ಮನೆ ಕಟ್ಟಿಸಲು ಫರಸಿ ಕಲ್ಲು ತಂದರೆ ಲೆಕ್ಕ ಪೂರಾ ತಿರುಗಿಬೀಳುತ್ತದೆ. ಎರಡಿಂಚು ದಪ್ಪದ ಶಹಾಬಾದ್ ಕಲ್ಲು ಒಂದು ಚದರಡಿಗೆ ಹತ್ತಿರಹತ್ತಿರ 12 ಕೆ.ಜಿ. ತೂಗುತ್ತದೆ. ಎಂಟಡಿಗೆ ಎಂಟಡಿ ಖೋಲಿಗೆ ಹಾಸುವಷ್ಟು ಕಲ್ಲು ಹಾಕಿದರೆ ಏಸ್‌ನ ಮಿತಿ ಮೀರುತ್ತದೆ. ನೋಡಿದರೆ ಡಾಲಾ ಖಾಲಿ ಖಾಲಿ ಇದ್ದಂತೆ, ಮೊಣಕಾಲೆತ್ತರವೂ ಇಲ್ಲ. "ಇನ್ನಾ ಜಾಗ ಅದ, ಹಾಕ್ರಿ" ಅಂತ ಹೇರಿದವರ ಗಾಡಿಯ ಕಮಾನು ಪಟ್ಟಿ ಮುರಿದದ್ದನ್ನು ನಾನೇ ನೋಡಿದ್ದೇನೆ. ಕಣ್ಣಿಗೆ ಕಾಣುವುದು ಜಾಗ, ತೂಕ ಗೊತ್ತಾಗುವುದು ಕಮಾನಿಗೆ. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಒಂದು ಸಲ ಸಿಕ್ಕಿಬಿದ್ದರೆ ತಿಂಗಳ ಕಂತಿಗಿಂತ ಜಾಸ್ತಿ.

ಆಳಂದದ ಗೆಳೆಯನ ತಾಪತ್ರಯ ಇನ್ನೊಂದು ನಮೂನೆ. ಅವನ ಕಾಳು ಕಲಬುರಗಿಗೆ ಹೋಗುವಷ್ಟೇ ಸಲೀಸಾಗಿ ಅಕ್ಕಲಕೋಟೆ ದಾಟಿ ಸೊಲ್ಲಾಪುರಕ್ಕೂ ಹೋಗುತ್ತದೆ, ಸೋಯಾ ಲಾತೂರಿಗೂ ಹೋಗುತ್ತದೆ. ಭಾವ ಎಲ್ಲಿ ನಾಲ್ಕು ರೂಪಾಯಿ ಹೆಚ್ಚೋ ಅಲ್ಲಿಗೆ ಗಾಡಿಯ ಮುಖ. ದಿನಾ ನೂರಾರು ಕಿಲೋಮೀಟರ್ ತುಂಬಿಕೊಂಡು ಓಡುವವನಿಗೆ ಸಣ್ಣ ಎಂಜಿನ್ನು ಬೇಗ ದಣಿಯುತ್ತದೆ. ಚಾಲಕನ ಸೊಂಟವೂ ದಣಿಯುತ್ತದೆ. ಅಂಥವನು ದೊಡ್ಡದೇ ತಗೊಳ್ಳಬೇಕು. ಆದರೆ ತಗೊಳ್ಳುವ ಮುನ್ನ ಒಟ್ಟು ತೂಕ, ಅಂದರೆ ಗಾಡಿ ಮತ್ತು ಭಾರ ಸೇರಿ ಎಷ್ಟೆಂದು ಕಾಗದದಲ್ಲಿ ಓದಿ ನೋಡಬೇಕು. ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಒಂದು ಕೆ.ಜಿ. ಹೆಚ್ಚಾದರೂ ಬೇಕು. ಗಡಿಯಾಚೆ ದಿನಾ ಹೋಗುವವನಿಗೆ ಈ ಗೆರೆ ಸಣ್ಣ ವಿಷಯವಲ್ಲ. ಲೈಸೆನ್ಸಿನ ಗೊಂದಲ ಮಾತ್ರ ಬಗೆಹರಿದಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ತನಕದ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿತು. ಸಣ್ಣದೂ ದೊಡ್ಡದೂ ಎರಡೂ ಅದರೊಳಗೇ ಬರುತ್ತವೆ.

ಇಷ್ಟೆಲ್ಲ ಟಾರು ರಸ್ತೆಯ ಮಾತು. ಜೇವರ್ಗಿ ಮೇಲೆ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಅಲ್ಲಿಂದಲೇ ಶುರುವಾಗಿ ಚಾಮರಾಜನಗರದ ತನಕ ಹೋಗುವ 150ಎ ಹೆದ್ದಾರಿಯಲ್ಲಾಗಲಿ ಯಾವ ಗಾಡಿಯಾದರೂ ಓಡುತ್ತದೆ. ನಮ್ಮ ಗಾಡಿಗೆ ನಿಜವಾದ ಪರೀಕ್ಷೆ ಟಾರು ಮುಗಿದು ಹೊಲದ ದಾರಿ ಹಿಡಿದ ಮೇಲೆ.

ಎರಿ ಮಣ್ಣು ಗೊತ್ತಿಲ್ಲದವರಿಗೆ ಇದನ್ನು ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮೊದಲ ಹದ ಮಳೆ ಬಿದ್ದರೆ ಉಬ್ಬಿ, ನೆಲವೇ ಹಿಟ್ಟು ನಾದಿದ ಹಾಗಾಗುತ್ತದೆ. ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿ ಒಂದೊಂದು ಕೆ.ಜಿ. ಭಾರ. ಗಾಡಿಗೂ ಅದೇ ಗತಿ. ಗಾಲಿಗೆ ಮೆತ್ತಿದ ಮಣ್ಣು ತಿರುಗಿ ತಿರುಗಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು, ಕೊನೆಗೆ ಗಾಲಿಯೇ ತಿರುಗದಂತೆ ಹಿಡಿದು ನಿಲ್ಲಿಸುತ್ತದೆ. ಆಗ ಇಳಿದು ಕಟಗಿಯಿಂದ ಕೆತ್ತಬೇಕು, ಐವತ್ತು ಮಾರು ಹೋಗಬೇಕು, ಮತ್ತೆ ಕೆತ್ತಬೇಕು. ಏಸ್‌ನದು ಹನ್ನೆರಡು ಇಂಚಿನ ಸಣ್ಣ ಗಾಲಿ, ಹೊಟ್ಟೆ ನೆಲಕ್ಕೆ ಹತ್ತಿರ. ಟ್ರ್ಯಾಕ್ಟರ್ ಕೊರೆದ ಚಾಕೋರಿಯಲ್ಲಿ ಇಳಿದರೆ ಮಧ್ಯದ ದಿಬ್ಬಕ್ಕೆ ಹೊಟ್ಟೆ ಆನಿ, ಗಾಲಿ ಗಾಳಿಯಲ್ಲಿ ತಿರುಗುತ್ತವೆ. ಹದಿನೈದು ಇಂಚಿನ ಗಾಲಿಯ ಪಿಕಪ್ ಅಲ್ಲಿ ದಾಟಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡದ್ದು ಪೂರಾ ಹಾಗಿಲ್ಲ. ಎರಡೂ ಹಿಂದಿನ ಗಾಲಿಯಿಂದ ನೂಕುವ ಗಾಡಿಗಳು. ಡಾಲಾ ಖಾಲಿ ಇದ್ದರೆ ಹಿಂದೆ ತೂಕವಿಲ್ಲದೆ ಗಾಲಿ ಸುಮ್ಮನೆ ಜಾರುತ್ತದೆ. ದೊಡ್ಡದು ಒಮ್ಮೆ ಹುಗಿದರೆ ಅದರ ಮೈಭಾರವೇ ಅದನ್ನು ಇನ್ನಷ್ಟು ಒಳಗೆಳೆಯುತ್ತದೆ, ಟ್ರ್ಯಾಕ್ಟರ್ ಇಲ್ಲದೆ ಎದ್ದು ಬರುವುದಿಲ್ಲ. ಸಣ್ಣದು ಹುಗಿದರೆ ತೊಗರಿ ಕಟಗಿಯ ಎರಡು ಹೊರೆ ಗಾಲಿಯಡಿ ಒಗೆದು ನಾಲ್ಕು ಮಂದಿ ಹೆಗಲು ಕೊಟ್ಟರೆ ಸಾಕು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಪಿಕಪ್ಪುಗಳೂ ಉಂಟು, ಆದರೆ ಮಳೆಗಾಲದ ಆ ಕೆಲವು ದಿನಕ್ಕಾಗಿ ಅಷ್ಟು ದುಡ್ಡು ಹಾಕುವುದಕ್ಕಿಂತ ಹೊಲದ ದಾರಿಗೆ ಮೊರಂ ಹಾಕಿಸುವುದು ಒಳ್ಳೆಯದು. ದಾರಿ ಆದರೆ ಓಣಿಯವರಿಗೆಲ್ಲ ಆಗುತ್ತದೆ.

ಈಗ ಕಾಕಿಯ ಮಾತಿಗೆ ಬರುತ್ತೇನೆ. ಮಂದಿ ಎಷ್ಟು ಹಿಡೀತದ?

ನಮ್ಮ ಮೂರೂ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳು ದೊಡ್ಡ ಪಿಕಪ್ ಕೊಳ್ಳುವುದು ಚೀಲಕ್ಕಾಗಿ ಅಲ್ಲ, ಮಂದಿಗಾಗಿ. ಇದನ್ನು ಷೋರೂಮಿನಲ್ಲಿ ಯಾರೂ ಹೇಳುವುದಿಲ್ಲ, ಆದರೆ ಮನೆಯ ಪಡಸಾಲೆಯಲ್ಲಿ ತೀರ್ಮಾನವಾಗುವುದು ಇದರ ಮೇಲೆಯೇ. ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ಯಬೇಕು. ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗಿ ಭೀಮಾ ಅಮರ್ಜಾ ಸಂಗಮದಲ್ಲಿ ಮುಳುಗಿ ಬರಬೇಕು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹರಕೆ, ಕಲಬುರಗಿಯ ಶರಣಬಸವೇಶ್ವರರ ತೇರು, ಬೀಗರ ಮನೆಯ ಕುಬಸ, ಎಲ್ಲದಕ್ಕೂ ಡಾಲಾದಲ್ಲಿ ಒಂದು ಜಮಖಾನೆ ಹಾಸಿದರೆ ಮುಗಿಯಿತು. ಹಿಡಿದುಕೊಳ್ಳಲು ಹಗ್ಗ, ಕುಂದರಲು ಹುಲ್ಲು.

ನಮ್ಮ ಮನೆಯವರೂ ಹಾಗೇ ಹೋಗುತ್ತಿದ್ದರು. ಕೆಲವು ವರ್ಷದ ಹಿಂದೆ ಒಂದು ಎಳ್ಳಮಾವಾಸ್ಯೆಯ ಸಂಜೆ, ಹೊಲದಿಂದ ವಾಪಸು ಬರುವಾಗ, ಹಳ್ಳದ ತಿರುವಿನಲ್ಲಿ ನಮ್ಮ ಅಣ್ತಮ್ಮರ ಪಿಕಪ್ ಒಂದು ಬದಿಗೆ ವಾಲಿತು. ಓಡಿಸುತ್ತಿದ್ದವನು ಕುಡಿದಿರಲಿಲ್ಲ, ವೇಗವೂ ಇರಲಿಲ್ಲ. ನಿಂತಿದ್ದ ಮಂದಿಯೆಲ್ಲ ತಿರುವಿನಲ್ಲಿ ಒಂದೇ ಕಡೆ ಸರಿದದ್ದಷ್ಟೇ ಸಾಕಾಯಿತು. ಚೀಲ ಬಿಗಿದರೆ ಬಿಗಿದಲ್ಲಿರುತ್ತದೆ, ಮಂದಿ ಹಾಗಿರುವುದಿಲ್ಲ. ಜೀವ ಹೋಗಲಿಲ್ಲ, ಅದೇ ದೊಡ್ಡದು. ನನ್ನ ಅತ್ತೆಯ ಬಲಗಾಲು ಡಾಲಾದ ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿತು. ಅವಳ ಕೈಯಲ್ಲಿ ಚರಗದ ಖಾಲಿ ಬುಟ್ಟಿ ಇನ್ನೂ ಇತ್ತು. ಅದನ್ನು ಬಿಡಿಸಿಕೊಳ್ಳಲು ಅವಳು ಬಿಡಲೇ ಇಲ್ಲ. ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು, ಇವತ್ತಿಗೂ ನೆಲಕ್ಕೆ ಕುಂದರಲು ಬರುವುದಿಲ್ಲ. ವಿಮೆಯವರ ಬಳಿ ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: ಸರಕಿನ ಗಾಡಿಯಲ್ಲಿ ಇವರು ಯಾಕಿದ್ದರು? ನಮ್ಮಲ್ಲಿ ಉತ್ತರ ಇರಲಿಲ್ಲ.

ಕಾನೂನು ಆ ವಿಷಯದಲ್ಲಿ ಸ್ಪಷ್ಟ. ಸರಕು ವಾಹನದಲ್ಲಿ ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಗೆ ಕಾಯ್ದೆಯ ವಿಮೆಯ ರಕ್ಷಣೆ ಇದೆ, 1994ರ ತಿದ್ದುಪಡಿಯಲ್ಲಿ ಸೇರಿಸಿದ್ದು. ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ಆ ರಕ್ಷಣೆ ಇಲ್ಲವೆಂದು ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹಾಗೆಂದರೆ ಡಾಲಾದಲ್ಲಿ ಹದಿನೆಂಟು ಮಂದಿ ಹಿಡಿಯುತ್ತಾರೆಂದು ಹೆಚ್ಚು ದುಡ್ಡು ಕೊಟ್ಟು ದೊಡ್ಡದು ತಂದವನು, ಹದಿನೆಂಟು ಜೀವದ ಹೊಣೆಯನ್ನು ಕಂತಿನ ಜೊತೆ ತನ್ನ ತಲೆಯ ಮೇಲೆ ಹೊತ್ತುಕೊಂಡು ಬಂದಿರುತ್ತಾನೆ. ಕೂಲಿಗೆ ಬರುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕ್ರೂರ. ಅವರಿಗೆ ಗಾಡಿ ಆರಿಸುವ ಹಕ್ಕೂ ಇಲ್ಲ, ಹತ್ತುವುದಿಲ್ಲ ಅನ್ನುವ ಧೈರ್ಯವೂ ಇಲ್ಲ. ಆ ದಿನದ ಕೂಲಿ ಆ ಡಾಲಾದಲ್ಲಿದೆ.

ಕುಟುಂಬಕ್ಕೂ ಸರಕಿಗೂ ಒಂದೇ ಗಾಡಿ ಬೇಕೇಬೇಕು ಅನ್ನುವವರಿಗೆ ದಾರಿ ಇಲ್ಲದಿಲ್ಲ. ಬೊಲೆರೊ ಕ್ಯಾಂಪರಿನಂಥ ಎರಡು ಸಾಲು ಸೀಟಿನ ಪಿಕಪ್ಪಿನಲ್ಲಿ ಮನೆಯವರು ಒಳಗೆ ಕೂರಬಹುದು, ಹಿಂದೆ ಸಣ್ಣ ಡಾಲಾ. ದೊಡ್ಡ ಬಳಗಕ್ಕೆ ಒಂದು ದಿನ ಕ್ರೂಸರ್ ಬಾಡಿಗೆಗೆ ಹಿಡಿಯಬಹುದು. ಜೊತೆಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ನಮ್ಮ ಅಕ್ಕತಂಗಿಯರು, ಅವ್ವಂದಿರು ದುಡ್ಡಿಲ್ಲದೆ ಗಾಣಗಾಪುರಕ್ಕೂ ಹೋಗುತ್ತಾರೆ, ಕಲಬುರಗಿಗೂ ಹೋಗುತ್ತಾರೆ. ಬಸ್ಸಿನಲ್ಲಿ ನೂಕಾಟ ಇದೆ, ಒಪ್ಪುತ್ತೇನೆ. ಆದರೆ ಬಸ್ಸಿಗೆ ಮೇಲೆ ತಗಡಿದೆ, ಸುತ್ತ ಗೋಡೆಯಿದೆ. ಮಂದಿಗಾಗಿ ದೊಡ್ಡ ಪಿಕಪ್ ಎಂಬ ವಾದದ ಕಾಲು ಮುರಿಯಲು ಇಷ್ಟು ಸಾಲದೇ?

ಇದನ್ನೆಲ್ಲ ಕಾಕಾನಿಗೆ ಒಂದೇ ದಿನ ಹೇಳಲಿಲ್ಲ. ಬೇಸಿಗೆಯಿಡೀ ಫೋನಿನಲ್ಲಿ ನಡೆಯಿತು. ಹತ್ತಿ ಬೆಳೆಯುವವನು, ಸೊಲ್ಲಾಪುರಕ್ಕೆ ಬಾಡಿಗೆ ಹೊಡೆಯುವವನು, ಕಲ್ಲು ಸಿಮೆಂಟು ಹೇರುವವನು ಕೇಳಿದ್ದರೆ ನಾನು ಕಣ್ಣುಮುಚ್ಚಿ ದೊಡ್ಡದು ಅನ್ನುತ್ತಿದ್ದೆ. ಕಾಕಾನದು ಹನ್ನೆರಡು ಎಕರೆಯ ಒಕ್ಕಲುತನ, ಎರಡು ಎಮ್ಮೆ, ಗಾಡಿ ತಿರುಗಲಾರದ ಓಣಿಯ ಮನೆ, ಅವನಿಗೆ ಸಣ್ಣದು ಸಾಕು. ರಾಶಿಯ ಎರಡು ದಿನ ಪಕ್ಕದ ಮನೆಯವರ ದೊಡ್ಡದನ್ನು ಬಾಡಿಗೆಗೆ ಕರೆದರೆ ಅವರ ಕಂತಿಗೂ ಆಯಿತು. ಕಾಕಾ ಕೊನೆಯವರೆಗೂ ವಾದ ಬಿಡಲಿಲ್ಲ, ಆದರೆ ದಸರೆಗೆ ಪೂಜೆ ಮಾಡಿಸಿ ತಂದದ್ದು ಛೋಟಾ ಹಾತಿಯನ್ನೇ.

ಈ ಸಲದ ಎಳ್ಳಮಾವಾಸ್ಯೆಗೆ ಅದು ಮೊದಲ ಸಲ ಹೊಲಕ್ಕೆ ಹೊರಟಿತು. ಡಾಲಾದಲ್ಲಿ ರೊಟ್ಟಿಯ ಗಂಟು, ಬೋಗುಣಿಗಳು, ನೀರಿನ ಕೊಡ, ಜಮಖಾನೆ. ಕ್ಯಾಬಿನ್ನಿನಲ್ಲಿ ಕಾಕಾನ ಪಕ್ಕ ಇರುವುದು ಒಂದೇ ಸೀಟು, ಅದರಲ್ಲಿ ಅತ್ತೆಯನ್ನು ಕೂರಿಸಿ ಬಲಗಾಲನ್ನು ಮೆಲ್ಲಗೆ ಒಳಗಿಟ್ಟೆವು. ಚರಗದ ಬುಟ್ಟಿಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ನಾವು ಉಳಿದವರು, ಕಾಕಿ, ಸೊಸೆಯಂದಿರು, ಹುಡುಗರು, ಹಿಂದೆ ನಡೆದೆವು. ಒಂದೂವರೆ ಮೈಲು. ಎರಡೂ ಬದಿ ಒಣಗಿ ಬಂದ ತೊಗರಿ ಕಾಯಿ ಗಾಳಿಗೆ ಗಲಗಲ ಅನ್ನುತ್ತಿತ್ತು. ಕಾಕಾ ಮೊದಲನೇ ಗೇರಿನಲ್ಲೇ ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದ, ಎತ್ತಿನ ಹೆಜ್ಜೆಗೆ ಸರಿಯಾಗಿ. ಒಮ್ಮೊಮ್ಮೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿ ಕೇಳುತ್ತಿದ್ದ: "ಎಲ್ಲಾರೂ ಬಂದ್ರೇನ್ರೋ?"